ಪಿನ್ನಿಗೆ ಜಂಗು ಹಿಡಿದ ಹಳೆಯ ಕಾಮಿಕ್ಸ್: ದರ್ಜೆ ಎಷ್ಟು ಇಳಿಯುತ್ತದೆ, ನೋಡುವುದು ಹೇಗೆ?

ಮಳೆಗಾಲ ಮುಗಿದು ಬೆಳಗಾವಿಯ ಮನೆಗಳಲ್ಲಿ ಟ್ರಂಕುಗಳ ಮುಚ್ಚಳ ತೆರೆಯುವ ಹೊತ್ತಿಗೆ ನನಗೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಗಳಿಂದ ಬರಲು ಶುರುವಾಗುತ್ತದೆ. ಅಪ್ಪನ ಕಾಲದ ಇಂದ್ರಜಾಲ ಕಾಮಿಕ್ಸ್ ಸಿಕ್ಕಿದೆ, ಬಣ್ಣ ಇನ್ನೂ ಹಾಗೇ ಇದೆ, ಆದರೆ ಪಿನ್ನಿಗೆ ಜಂಗು ಹಿಡಿದಿದೆ. ತೆಗೆದು ಹೊಸ ಪಿನ್ ಹೊಡೆಯಲೇ? ಅದರ ಬೆನ್ನಿಗೇ ಇನ್ನೆರಡು. ಒಂದು ಪಿನ್ನಿನಿಂದ ಮುಖಪುಟ ಕಿತ್ತು ಬಂದಿದ್ದರೆ ದರ್ಜೆ ಎಷ್ಟಕ್ಕೆ ಇಳಿಯುತ್ತದೆ? ಬಾಡಿಗೆ ಲೈಬ್ರರಿಯವರು ಪಕ್ಕದಿಂದ ಹೊಡೆದ ಪಿನ್ನನ್ನು ದೋಷವೆಂದು ಎಣಿಸಬೇಕೇ?

ಮೊದಲನೆಯದಕ್ಕೆ ಉತ್ತರ ಇಲ್ಲೇ ಹೇಳಿಬಿಡುತ್ತೇನೆ: ಹೊಡೆಯಬೇಡಿ. ಜಂಗು ಹಿಡಿದ ಮೂಲ ಪಿನ್ನಿಗಿಂತ ಫಳಫಳ ಹೊಳೆಯುವ ಹೊಸ ಪಿನ್ನು ಬೆಲೆಗೆ ಹೆಚ್ಚು ಹಾನಿ ಮಾಡುತ್ತದೆ. ಏಕೆಂದರೆ ದರ್ಜೆ ಹಾಕುವವರು ನೋಡುವುದು ಪಿನ್ನಿಗಿಂತ ಹೆಚ್ಚಾಗಿ ಪಿನ್ನಿನ ಸುತ್ತಲಿನ ಕಾಗದವನ್ನು. ಉಳಿದ ಎರಡು ಪ್ರಶ್ನೆಗಳಿಗೂ ಉತ್ತರ ಆ ಕಾಗದದಲ್ಲೇ ಇದೆ. ಅದನ್ನು ಓದುವ ಕ್ರಮವನ್ನು ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಅಳತೆಗೋಲು

ಸಂಗ್ರಹಕಾರರ ಲೋಕದಲ್ಲಿ ಕಾಮಿಕ್ಸ್‌ನ ಸ್ಥಿತಿಯನ್ನು 0.5ರಿಂದ 10ರವರೆಗಿನ ಅಂಕದಲ್ಲಿ ಹೇಳುತ್ತಾರೆ. ಅಮೆರಿಕದಲ್ಲಿ 2000ದಲ್ಲಿ ಆರಂಭವಾದ ಸಿ.ಜಿ.ಸಿ. ಎಂಬ ಸಂಸ್ಥೆ ಪ್ರತಿಯನ್ನು ಪರೀಕ್ಷಿಸಿ, ಅಂಕ ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿ ಹಿಂದಿರುಗಿಸುತ್ತದೆ. ಅದಕ್ಕೂ ಹಿಂದಿನಿಂದ, 1970ರಲ್ಲಿ ಮೊದಲ ಬಾರಿಗೆ ಬಂದ ಓವರ್‌ಸ್ಟ್ರೀಟ್ ಬೆಲೆ ಕೈಪಿಡಿಯ ಹಾದಿಯಲ್ಲಿ, ಸ್ಥಿತಿಗಳಿಗೆ ಹೆಸರುಗಳು ರೂಢಿಯಾಗಿವೆ. ನೆನಪಿಡಬೇಕಾದವು ಇಷ್ಟು: 2.0 ಎಂದರೆ ಗುಡ್, 4.0 ವೆರಿ ಗುಡ್, 6.0 ಫೈನ್, 8.0 ವೆರಿ ಫೈನ್, 9.4 ನಿಯರ್ ಮಿಂಟ್. ಹೆಸರು ಕೇಳಿ ಮೋಸಹೋಗಬೇಡಿ. ಇಲ್ಲಿ ‘ಗುಡ್’ ಎಂದರೆ ಚೆನ್ನಾಗಿದೆ ಎಂದಲ್ಲ. ಸವೆದು, ಮಡಿಸಿ, ನಾಲ್ಕು ಕೈ ದಾಟಿ ಬಂದಿದೆ, ಆದರೂ ಪುಟಗಳೆಲ್ಲ ಇವೆ ಎಂದು. ನಮ್ಮ ಕಡೆ ಮಾರುವವರು ‘ಗುಡ್ ಕಂಡೀಷನ್’ ಎಂದು ಬರೆಯುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಅಂಕಕ್ಕೆ ಇಷ್ಟೊಂದು ಮಹತ್ವ ಏಕೆಂದರೆ ಹಣ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ 8.5 ದರ್ಜೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರ್‌ಗೆ ಹರಾಜಾಯಿತು. ನಮ್ಮ ಟ್ರಂಕಿನಲ್ಲಿ ಅಂಥದ್ದು ಸಿಗುವುದಿಲ್ಲ, ಸರಿ. ಆದರೆ 1964ರಿಂದ 1990ರವರೆಗೆ ನಡೆದ ಇಂದ್ರಜಾಲದ ಕನ್ನಡ, ಮರಾಠಿ ಆವೃತ್ತಿಗಳನ್ನೂ ಅಮರ ಚಿತ್ರಕಥೆಯ ಹಳೆಯ ಮುದ್ರಣಗಳನ್ನೂ ಹುಡುಕಿಕೊಂಡು ಬರುವವರಿದ್ದಾರೆ. ಅವರು ಕೇಳುವ ಮೊದಲ ಫೋಟೊ ಮುಖಪುಟದ್ದು, ಎರಡನೆಯದು ಪಿನ್ನಿನದು.

ಏನೇನು ಬೇಕು

ಬಟ್ಟೆ ಅಂಗಡಿಯವರು ನೂಲೆಣಿಸಲು ಬಳಸುವಂಥ ಭೂತಗನ್ನಡಿ ಅಥವಾ ಹತ್ತು ಪಟ್ಟು ಹಿಗ್ಗಿಸುವ ಯಾವುದಾದರೂ ಮಸೂರ. ಕತ್ತು ಬಗ್ಗುವ ಟೇಬಲ್ ದೀಪ. ಮೇಜಿನ ಮೇಲೆ ಹಾಸಲು ಒಗೆದ ಬಿಳಿ ಬಟ್ಟೆ. ಬಿಳಿಯೇ ಇರಲಿ, ಉದುರಿದ ಜಂಗಿನ ಪುಡಿ ಅದರ ಮೇಲೆ ಕಾಣುತ್ತದೆ. ಮಿಲಿಮೀಟರ್ ಗೀಟುಗಳಿರುವ ಸ್ಕೇಲು, ಪೆನ್ಸಿಲು, ನೋಟುಬುಕ್ಕು. ಪೆನ್ನು ಮೇಜಿನ ಹತ್ತಿರವೂ ಬೇಡ. ಕೈಗವಸು ಬೇಕಿಲ್ಲ, ಗವಸು ತೊಟ್ಟ ಬೆರಳಿಗೆ ಪುಟದ ಅಂಚು ತಿಳಿಯುವುದಿಲ್ಲ, ಹರಿಯುವುದೇ ಹೆಚ್ಚು. ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿದ ಕೈ ಸಾಕು. ಊಟವಾದ ಮೇಲೆ, ಶೇಂಗಾ ಚಟ್ನಿಯ ಎಣ್ಣೆ ಬೆರಳಲ್ಲಿರುವಾಗ ಮಾತ್ರ ಕೂರಬೇಡಿ.

1. ಮುಚ್ಚಿಟ್ಟೇ ಬೆನ್ನು ನೋಡಿ

ಪುಸ್ತಕ ತೆರೆಯುವ ಆತುರ ಬೇಡ. ಮುದ್ರಣಾಲಯದವರು ‘ಸೆಂಟರ್ ಪಿನ್’ ಎನ್ನುವ ಕಟ್ಟು ಇದು: ಹಾಳೆಗಳನ್ನೆಲ್ಲ ಒಂದರೊಳಗೊಂದು ಇಟ್ಟು, ನಡುವೆ ಮಡಿಸಿ, ಮಡಿಕೆಯ ಹೊರಗಿನಿಂದ ತಂತಿ ತೂರಿಸಿ ಒಳಗೆ ಅದರ ಕಾಲುಗಳನ್ನು ಮಡಚುತ್ತಾರೆ. ಹೀಗಾಗಿ ಹೊರಗಿನಿಂದ ಕಾಣುವುದು ಪಿನ್ನಿನ ಬೆನ್ನು ಮಾತ್ರ. ಅದರ ಎರಡೂ ತುದಿಗಳಲ್ಲಿ, ತಂತಿ ಕಾಗದದೊಳಕ್ಕೆ ಇಳಿಯುವ ಜಾಗದಲ್ಲಿ ದೀಪವನ್ನು ಓರೆಯಾಗಿ ಹಿಡಿಯಿರಿ.

ಪಿನ್ನಿನಿಂದ ಅಡ್ಡಕ್ಕೆ ಹೊರಟ ಸಣ್ಣ ಗೆರೆಗಳು ಕಾಣುತ್ತವೆಯೇ? ಇವಕ್ಕೆ ಸ್ಟ್ರೆಸ್ ಲೈನ್, ಅಂದರೆ ಎಳೆತದ ಗೆರೆ ಎನ್ನುತ್ತಾರೆ. ಪುಸ್ತಕವನ್ನು ಪ್ರತಿ ಸಲ ತೆರೆದಾಗಲೂ ಕಾಗದ ಪಿನ್ನಿನ ಬಳಿ ಬಗ್ಗಿ ಹುಟ್ಟಿದವು. ಗೆರೆಯಲ್ಲಿ ಶಾಯಿ ಹಾಗೇ ಇದ್ದರೆ ದೋಷ ಸಣ್ಣದು. ಶಾಯಿ ಒಡೆದು ಬಿಳಿ ಕಾಗದ ಇಣುಕಿದ್ದರೆ ದೊಡ್ಡದು. ಕೆಲವು ಮುಖಪುಟಗಳಲ್ಲಿ ಕಪ್ಪು, ಕಡುನೀಲಿ ಹೆಚ್ಚು. ಅಂಥ ಕಡೆ ಒಂದು ಮಿಲಿಮೀಟರಿನ ಬಿಳಿ ಗೆರೆಯೂ ಮೈಲಿ ದೂರದಿಂದ ಕಾಣುತ್ತದೆ. ಗೆರೆಗಳನ್ನು ಎಣಿಸಿ ಬರೆದುಕೊಳ್ಳಿ.

ಪಿನ್ನು ಮಡಿಕೆಯ ಮೇಲೆಯೇ ಕೂತಿದೆಯೇ, ಮುಖಪುಟದ ಕಡೆಗೋ ಹಿಂಬದಿಗೋ ಜರುಗಿದೆಯೇ ಎಂಬುದನ್ನೂ ಬರೆದುಕೊಳ್ಳಿ. ಜರುಗಿದ್ದರೆ ಅದು ಕಟ್ಟುವಾಗಲೇ ಆದದ್ದು. ಇಂಥ ಹುಟ್ಟುದೋಷವನ್ನು ಬೈಂಡರಿ ಡಿಫೆಕ್ಟ್ ಎಂದು ಬೇರೆಯಾಗಿಯೇ ನೋಡುತ್ತಾರೆ. 9.9, 10ರಂಥ ಎತ್ತರದಲ್ಲಿ ಇದು ದರ್ಜೆಯನ್ನು ತಡೆಯುತ್ತದೆ. ನಮ್ಮ ಕೈಗೆ ಸಿಗುವ 3, 4, 5ರ ಪ್ರತಿಗಳಲ್ಲಿ ಇದಕ್ಕಾಗಿ ಅಂಕ ಕಳೆಯುವ ಅಗತ್ಯವಿಲ್ಲ.

2. ನಡುಪುಟ ತೆರೆಯಿರಿ, ಆದರೆ ಪೂರ್ತಿ ಅಲ್ಲ

ಪುಸ್ತಕವನ್ನು ಬಟ್ಟೆಯ ಮೇಲಿಟ್ಟು, ಒಂದು ಬದಿಯನ್ನು ಅಂಗೈಯಲ್ಲಿ ಆನಿಸಿಕೊಂಡು, ಅರ್ಧ ತೆರೆದ ಬಾಗಿಲಿನಷ್ಟೇ ಬಿಚ್ಚಿ. 180 ಡಿಗ್ರಿ ಚಪ್ಪಟೆ ಮಾಡಿದಿರೋ, ನೀವು ಹುಡುಕುತ್ತಿದ್ದ ಹರಕನ್ನು ನೀವೇ ಉಂಟುಮಾಡಿದಂತೆ. ನನಗೆ ಬಂದ ಪತ್ರಗಳಲ್ಲಿ ಕನಿಷ್ಠ ಮೂರರಲ್ಲಿ ‘ಫೋಟೊ ತೆಗೆಯಲು ಹೋಗಿ ಪಿನ್ ಕಿತ್ತಿತು’ ಎಂಬ ವಾಕ್ಯವಿತ್ತು.

ನಡುಪುಟ ಎಂದರೆ ಎಲ್ಲಕ್ಕಿಂತ ಒಳಗಿನ ಜೋಡಿ ಹಾಳೆ, ಸೆಂಟರ್‌ಫೋಲ್ಡ್. ಪಿನ್ನಿನ ಮಡಚಿದ ಕಾಲುಗಳು ಇರುವುದು ಇಲ್ಲೇ. ಮೂರು ಸಂಗತಿ ಗಮನಿಸಿ. ನಡುಪುಟ ಎರಡೂ ಪಿನ್ನುಗಳಲ್ಲಿ ಕೂತಿದೆಯೇ? ರಂಧ್ರಗಳು ತಂತಿಯಷ್ಟೇ ಇವೆಯೇ, ಎಳೆದಾಡಿ ಉದ್ದವಾಗಿವೆಯೇ? ಪುಟಸಂಖ್ಯೆ ಸರಿಯಾಗಿ ಮುಂದುವರಿಯುತ್ತಿದೆಯೇ? ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ನಡುವಿನ ಹಾಳೆ ಸಡಿಲವಾಗಿ ಯಾವಾಗಲೋ ಉದುರಿಹೋಗಿದ್ದರೆ ಹೊರಗಿನಿಂದ ಏನೂ ತಿಳಿಯುವುದಿಲ್ಲ, ಪ್ರತಿ ಅಂದವಾಗಿಯೇ ಕಾಣುತ್ತದೆ. ಆದರೆ ಅದು ಅಪೂರ್ಣ ಪ್ರತಿ. ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿರಲಿ ಅಳತೆಗೋಲಿನ ತಳದಲ್ಲೇ ಅದರ ಜಾಗ.

3. ಜಂಗು ಎಲ್ಲಿಯವರೆಗೆ ಇಳಿದಿದೆ?

ಈ ಹಂತಕ್ಕೆ ಸಮಯ ಕೊಡಿ. ‘ಜಂಗು ಇದೆ’ ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸ್ಥಿತಿಗಳಿವೆ.

ಮೊದಲನೆಯದು, ಹೊಳಪು ಹೋಗಿ ತಂತಿ ಮಂಕಾಗಿರುವುದು. ಇದು ಜಂಗೇ ಅಲ್ಲ, ತಂತಿಯ ಮೇಲಿನ ಲೇಪ ವಯಸ್ಸಿಗೆ ಬಣ್ಣಗೆಟ್ಟದ್ದು. 9ರ ಆಸುಪಾಸಿನಲ್ಲಿಯೂ ಇದನ್ನು ಸಹಿಸುತ್ತಾರೆ.

ಎರಡನೆಯದು, ತಂತಿಯ ಮೇಲೆ ಕೆಂಗಂದು ಚುಕ್ಕೆಗಳು. ಲೇಪ ಸವೆದು ಕಬ್ಬಿಣಕ್ಕೆ ತೇವ ತಾಗಿದೆ. ಕಾಗದಕ್ಕಿನ್ನೂ ಅಂಟಿಲ್ಲ. 8ರಿಂದ ಕೆಳಗಿನ ಪ್ರತಿಯಲ್ಲಿ ಇದು ದೊಡ್ಡ ಅಪರಾಧವಲ್ಲ.

ಮೂರನೆಯದು ನಿಜವಾದ ಗಡಿ. ಜಂಗು ತಂತಿಯಿಂದ ಕಾಗದಕ್ಕೆ ಇಳಿದು ಸುತ್ತ ಕಂದು ಉಂಗುರ ಮೂಡಿದೆ. ಇದನ್ನು ರಸ್ಟ್ ಮೈಗ್ರೇಷನ್, ಅಂದರೆ ಜಂಗಿನ ವಲಸೆ ಎನ್ನುತ್ತಾರೆ. ಇದು ಕಂಡಿತೆಂದರೆ 8ರ ಆಸೆ ಬಿಡಿ, ಸಣ್ಣದಾಗಿದ್ದರೆ 6.0ರಲ್ಲಿ ನಿಲ್ಲಬಹುದು, ಒಂದೆರಡು ಹಾಳೆ ದಾಟಿ ಹರಡಿದ್ದರೆ 4.0ರ ಸುತ್ತ.

ನಾಲ್ಕನೆಯದರಲ್ಲಿ ಕಾಗದವೇ ತಿಂದುಹೋಗಿರುತ್ತದೆ. ಕಬ್ಬಿಣದ ಅಂಶ ಕಾಗದದ ನಾರನ್ನು ಬೇಗ ಕೆಡಿಸುತ್ತದೆ. ಕಂದು ಉಂಗುರದ ನಡುವೆ ಕಾಗದ ಹಪ್ಪಳದಂತೆ ಪುಡಿಯಾಗುತ್ತದೆ. ಇಲ್ಲಿ ಪಿನ್ನು ಇದ್ದೂ ಇಲ್ಲದಂತೆ, ಏಕೆಂದರೆ ಅದು ಹಿಡಿದುಕೊಳ್ಳಲು ಕಾಗದವೇ ಉಳಿದಿಲ್ಲ. 2.0 ಅಥವಾ ಅದಕ್ಕೂ ಕೆಳಗೆ.

ಮೂರನೆಯದೋ ನಾಲ್ಕನೆಯದೋ ಎಂದು ತಿಳಿಯಲು ಉಗುರಿನಿಂದ ಕೆರೆಯಬೇಡಿ. ಮಸೂರದಲ್ಲಿ ಉಂಗುರದ ಒಳ ಅಂಚು ನೋಡಿ. ನಯವಾಗಿದ್ದರೆ ಮೂರನೆಯದು, ಕೂದಲೆಳೆಯಂಥ ಬಿರುಕು ಅಥವಾ ಗರಗಸದಂಥ ಅಂಚು ಕಂಡರೆ ನಾಲ್ಕನೆಯದು. ಬಿಳಿ ಬಟ್ಟೆಯ ಮೇಲೆ ಕಂದು ಪುಡಿ ಬಿದ್ದಿದ್ದರೆ ಮಸೂರವೂ ಬೇಡ.

ಇಲ್ಲಿ ನಮ್ಮ ಊರುಗಳ ಬಗ್ಗೆ ಒಂದು ಮಾತು. ಸಹ್ಯಾದ್ರಿಯ ಅಂಚಿನಲ್ಲಿರುವ ಬೆಳಗಾವಿ, ಖಾನಾಪುರದ ಕಡೆಯ ಪ್ರತಿಗಳಿಗೆ ಮಳೆಗಾಲದ ತೇವವೇ ಶತ್ರು. ಜಂಗು ಇಲ್ಲಿಯ ರೋಗ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ವಿಜಯಪುರದ ಪ್ರತಿಗಳಲ್ಲಿ ಪಿನ್ನು ಎಷ್ಟೋ ಸಲ ಹೊಸದರಂತೆ ಹೊಳೆಯುತ್ತಿರುತ್ತದೆ, ಆದರೆ ಅಗ್ಗದ ಮರತಿರುಳಿನ ಕಾಗದ ಒಣಗಿ ಸೊರಗಿ ಪಿನ್ನಿನ ಬಳಿಯೇ ಲಟಕ್ಕನೆ ಮುರಿದಿರುತ್ತದೆ. ಕೊಳ್ಳುವವರು ಮೊದಲನೆಯದನ್ನು ನೋಡಿ ಮೂಗು ಮುರಿಯುತ್ತಾರೆ, ಎರಡನೆಯದನ್ನು ಖುಷಿಯಿಂದ ಒಯ್ಯುತ್ತಾರೆ. ಪಿನ್ನನ್ನು ಮಾತ್ರ ನೋಡಿದ ಫಲ. ಬಾಗಲಕೋಟೆಯದು ಮೂರನೆಯ ಬಗೆ: ಆಲಮಟ್ಟಿ ಹಿನ್ನೀರಿಗೆ ಹಳೆಯ ಊರಿನ ಒಂದು ಭಾಗ ಮುಳುಗಿ ನವನಗರಕ್ಕೆ ಸಂಸಾರಗಳು ಸಾಗಿದಾಗ ಪುಸ್ತಕಗಳು ಗೋಣಿಚೀಲ ಸೇರಿದವು. ಅಂಥ ಚೀಲದಿಂದ ಬಂದ ಪ್ರತಿಗಳಲ್ಲಿ ಜಂಗಿಗಿಂತ ಎಳೆತದ ಹರಕು ಹೆಚ್ಚು.

4. ಹರಕನ್ನು ಅಳೆಯಿರಿ

ಪಿನ್ನಿನ ಸುತ್ತ ಕಾಗದ ಸೀಳುವುದರಲ್ಲಿಯೂ ಮೆಟ್ಟಿಲುಗಳಿವೆ. ರಂಧ್ರದಿಂದ ಹೊರಟ ಸಣ್ಣ ಸೀಳು ಸ್ಟೇಪಲ್ ಟೇರ್. ಆ ಸೀಳು ಪಿನ್ನಿನ ಒಂದು ಬದಿಯನ್ನು ಪೂರ್ತಿ ದಾಟಿ, ಮುಖಪುಟದ ಅಥವಾ ಹಿಂಬದಿಯ ಕಾಗದ ಪಿನ್ನಿನ ಹಿಡಿತದಿಂದ ಜಾರಿಹೋಗಿದ್ದರೆ ಪಾಪ್ಡ್ ಸ್ಟೇಪಲ್. ನಾನು ಇದನ್ನು ‘ಒಂದು ಬದಿ ಕಿತ್ತಿದೆ’ ಎಂದು ಬರೆಯುತ್ತೇನೆ. ಎರಡೂ ಬದಿ ಕಿತ್ತಿದ್ದರೆ ಆ ಪಿನ್ನಿನಿಂದ ರಕ್ಷಾಪುಟ ಬೇರ್ಪಟ್ಟಿದೆ. ಎರಡೂ ಪಿನ್ನುಗಳಲ್ಲಿ ಹಾಗಾಗಿದ್ದರೆ ರಕ್ಷಾಪುಟ ಪೂರ್ತಿ ಬಿಡಿ. ರಕ್ಷಾಪುಟ ಎಂದರೆ ಮುಂದಿನ ಮುಖಪುಟ, ಹಿಂಬದಿ ಎರಡೂ ಸೇರಿದ ಒಂದೇ ಹಾಳೆ.

ಎಚ್ಚರಿಕೆ: ಕಿತ್ತಿದೆಯೋ ಇಲ್ಲವೋ ಎಂದು ನೋಡಲು ರಕ್ಷಾಪುಟವನ್ನು ಎಳೆಯುವವರಿದ್ದಾರೆ. ಹಲ್ಲು ಅಲ್ಲಾಡುತ್ತಿದೆಯೇ ಎಂದು ನೋಡಿ ನೋಡಿಯೇ ಕೀಳುವ ಮಕ್ಕಳ ಹಾಗೆ. ಬೆನ್ನಿಗೆ ಓರೆ ಬೆಳಕು ಹಿಡಿದು ಪಿನ್ನಿನ ಕೆಳಗೆ ನೆರಳು ಬೀಳುತ್ತದೆಯೇ ಎಂದಷ್ಟೇ ನೋಡಿ. ಕಾಗದ ಪಿನ್ನಿಗೆ ಒತ್ತಿಕೊಂಡಿದ್ದರೆ ನೆರಳಿಗೆ ಜಾಗವಿರುವುದಿಲ್ಲ.

ಇನ್ನೊಂದು ಬಲೆ: ಸೆಲೋಟೇಪು. ಕಿತ್ತ ಜಾಗಕ್ಕೆ ಒಳಗಿನಿಂದ ಟೇಪು ಅಂಟಿಸಿ, ಹೊರಗಿನಿಂದ ಗಟ್ಟಿಯಾಗಿ ಕಾಣುವಂತೆ ಮಾಡಿರುತ್ತಾರೆ. ಮುಖಪುಟದ ಒಳಮೈಯಲ್ಲಿ, ಪಿನ್ನಿನ ಬಳಿ, ಬೆಳಕನ್ನು ಕನ್ನಡಿಯಂತೆ ಮರಳಿಸುವ ಚೌಕ ಕಂಡರೆ ಅದೇ. ಹಳೆಯ ಟೇಪು ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಸುಲಿಯಬೇಡಿ, ಶಾಯಿಯೂ ಕಾಗದವೂ ಜೊತೆಗೇ ಬರುತ್ತವೆ.

5. ಈ ಪಿನ್ನು ಮೂಲದ್ದೇ?

ಮುದ್ರಣಾಲಯದ ಯಂತ್ರ ಸುರುಳಿಯಿಂದ ತಂತಿ ಎಳೆದು, ತುಂಡರಿಸಿ, ಬಗ್ಗಿಸಿ ಹೊಡೆಯುತ್ತದೆ. ಆ ತಂತಿ ಸಾಮಾನ್ಯವಾಗಿ ದುಂಡಗಿರುತ್ತದೆ. ಕಚೇರಿಯ ಸ್ಟೇಪ್ಲರಿನ ನಂಬರ್ 10 ಪಿನ್ನು ಚಪ್ಪಟೆ. ಸಾಲಾಗಿ ಅಂಟಿಸಿಟ್ಟ ಪಿನ್ನುಗಳಲ್ಲಿ ಒಂದಾದ್ದರಿಂದ ಅದರ ಬದಿಗಳಲ್ಲಿ ಅಂಟಿನ ಗುರುತೂ ಇರಬಹುದು. ಮಸೂರದಲ್ಲಿ ಈ ವ್ಯತ್ಯಾಸ ಒಂದೇ ನೋಟಕ್ಕೆ ತಿಳಿಯುತ್ತದೆ.

ಯಾರೋ ಜಾಣರು ಹಳೆಯ ಪ್ರತಿಯಿಂದಲೇ ಪಿನ್ನು ತೆಗೆದು ಹಾಕಿದ್ದರೆ? ಆಗ ಕಾಗದವನ್ನೇ ಕೇಳಬೇಕು. ಹೊಳೆಯುವ ಪಿನ್ನಿನ ಸುತ್ತ ಜಂಗಿನ ಉಂಗುರವಿದ್ದರೆ ಆ ಉಂಗುರ ಬಿಟ್ಟುಹೋದದ್ದು ಬೇರೆ ಪಿನ್ನು. ಪಿನ್ನು ಕೂತ ಜಾಗಕ್ಕೂ ಕಾಗದದ ಮೇಲಿನ ಒತ್ತುಗುರುತಿಗೂ ತಾಳೆಯಾಗದಿದ್ದರೆ, ಅಥವಾ ಪ್ರತಿ ಕಾಲಿನ ಬಳಿ ಎರಡೆರಡು ರಂಧ್ರಗಳಿದ್ದರೆ, ಪಿನ್ನು ಬದಲಾಗಿದೆ. ರಕ್ಷಾಪುಟದ ರಂಧ್ರವೂ ಒಳಹಾಳೆಯ ರಂಧ್ರವೂ ಒಂದೇ ನೇರದಲ್ಲಿಲ್ಲದಿದ್ದರೆ ಇನ್ನೂ ದೊಡ್ಡ ಅನುಮಾನ ಪಡಬೇಕು: ಒಂದು ಪ್ರತಿಯ ರಕ್ಷಾಪುಟಕ್ಕೆ ಇನ್ನೊಂದರ ಒಡಲು ಸೇರಿಸಿರಬಹುದು. ಇಂಥದ್ದಕ್ಕೆ ಮ್ಯಾರೀಡ್ ಕಾಪಿ, ಅಂದರೆ ‘ಮದುವೆ ಮಾಡಿಸಿದ ಪ್ರತಿ’ ಎಂಬ ತಮಾಷೆಯ ಹೆಸರಿದೆ.

ಪಿನ್ನು ಬದಲಿಸುವುದನ್ನು ದರ್ಜೆ ಸಂಸ್ಥೆಗಳು ದುರಸ್ತಿ ಎಂದೇ ಎಣಿಸುತ್ತವೆ. ತಜ್ಞರ ಕೈಯಲ್ಲಿ ಸರಿಯಾದ ಸಾಮಗ್ರಿಯಿಂದ ಆಗಿದ್ದರೆ ಸಂರಕ್ಷಿತ ಪ್ರತಿಯೆಂದು ಬೇರೆ ಚೀಟಿ ಅಂಟಿಸುತ್ತವೆ. ಹಾಗೆ ಮಾರ್ಪಾಟಾದ ಪ್ರತಿಗೆ, ಅಂಕ ಒಂದೇ ಇದ್ದರೂ, ಮುಟ್ಟದ ಪ್ರತಿಯ ಬೆಲೆ ಸಿಗುವುದಿಲ್ಲ. ಸಿ.ಜಿ.ಸಿ.ಯ ನೀಲಿ ಚೀಟಿ ಮತ್ತು ನೇರಳೆ ಚೀಟಿಯ ನಡುವಿನ ಅಂತರದ ಬಗ್ಗೆ ಕೇಳಿರಬಹುದು. ನೇರಳೆ ಎಂದರೆ ಕೈಯಾಡಿಸಿದ ಪ್ರತಿ.

ಈಗ ಬಾಡಿಗೆ ಲೈಬ್ರರಿಗಳ ವಿಷಯ. ದಿನಕ್ಕೆ ನಾಲ್ಕಾಣೆ ಎಂಟಾಣೆ ಪಡೆದು ಕಾಮಿಕ್ಸ್ ಕೊಡುತ್ತಿದ್ದ ಅಂಗಡಿಗಳು ನಮ್ಮಲ್ಲಿ ಗಲ್ಲಿಗೊಂದು ಇದ್ದವು. ಹತ್ತಾರು ಕೈಗೆ ಹೋಗುವ ಪುಸ್ತಕ ಬಾಳಿಕೆ ಬರಲೆಂದು ಅವರು ಬೆನ್ನಿನಿಂದ ಅರ್ಧ ಸೆಂಟಿಮೀಟರ್ ಒಳಗೆ ಪಕ್ಕದಿಂದ ಪಿನ್ನು ಹೊಡೆಯುತ್ತಿದ್ದರು, ಇಲ್ಲವೇ ದಬ್ಬಣದಿಂದ ಚುಚ್ಚಿ ದಾರ ಹೊಲಿಯುತ್ತಿದ್ದರು, ಐದಾರನ್ನು ಸೇರಿಸಿ ರಟ್ಟು ಕಟ್ಟಿಸುತ್ತಿದ್ದರು. ಈ ಪಕ್ಕದ ಪಿನ್ನು ದೋಷವೇ. ಎಲ್ಲ ಹಾಳೆಗಳನ್ನೂ, ಮುಖಪುಟವನ್ನೂ ತೂರಿದ ರಂಧ್ರಗಳು ಅವು. ನನ್ನ ಲೆಕ್ಕದಲ್ಲಿ ಪಕ್ಕದ ಪಿನ್ನಿರುವ ಪ್ರತಿ 4.0 ದಾಟುವುದಿಲ್ಲ, ದಾರ ಹೊಲಿದದ್ದು 3.0. ಇದು ಕೈಪಿಡಿಯಲ್ಲಿ ಬರೆದಿಟ್ಟ ಅಂಕವಲ್ಲ, ಹಲವು ಪ್ರತಿಗಳನ್ನು ನೋಡಿ ನಾನು ಕಟ್ಟಿಕೊಂಡ ಮಿತಿ. ಆದರೆ ಒಂದು ವಿಚಿತ್ರ ಗಮನಿಸಿದ್ದೇನೆ: ಪಕ್ಕದ ಪಿನ್ನು ಎಳೆತವನ್ನೆಲ್ಲ ತಾನು ಹೊತ್ತದ್ದರಿಂದ ಇಂಥ ಪ್ರತಿಗಳಲ್ಲಿ ಮೂಲದ ಎರಡು ಪಿನ್ನುಗಳ ಸುತ್ತ ಕಾಗದ ಅಚ್ಚುಕಟ್ಟಾಗಿ ಉಳಿದಿರುತ್ತದೆ. ಪಕ್ಕದ ಪಿನ್ನು ತೆಗೆಯಲು ಕೈ ತುರಿಸುತ್ತದೆ ನಿಜ. ತೆಗೆದರೂ ರಂಧ್ರ ಉಳಿಯುತ್ತದೆ. ಅಷ್ಟು ವರ್ಷ ತೆರೆಯದ ಮಡಿಕೆ ಒಮ್ಮೆಲೇ ತೆರೆದು ಮೂಲದ ಪಿನ್ನಿನ ಬಳಿ ಸೀಳುತ್ತದೆ. ಬಿಡಿ, ಇರಲಿ.

ಮುದ್ರಣಾಲಯದ ಯಂತ್ರವೇ ಒಂದೇ ಜಾಗದಲ್ಲಿ ಎರಡು ಸಲ ಹೊಡೆದದ್ದೂ ಉಂಟು. ಮೂರನೆಯ ಪಿನ್ನು ಅದೇ ದುಂಡು ತಂತಿಯದಾಗಿದ್ದು, ಉಳಿದೆರಡರಷ್ಟೇ ಮಂಕಾಗಿದ್ದರೆ ಅದು ಹುಟ್ಟುದೋಷ. ಹಾಗೆಂದು ಬರೆಯಿರಿ.

6. ಅಂಕ ಹಾಕುವುದು

ಹೊಸಬರು 10ರಿಂದ ಆರಂಭಿಸಿ ಒಂದೊಂದು ದೋಷಕ್ಕೂ ಅರ್ಧ, ಮುಕ್ಕಾಲು ಕಳೆಯುತ್ತ ಹೋಗುತ್ತಾರೆ. ಅದು ಪರೀಕ್ಷೆಯ ಉತ್ತರಪತ್ರಿಕೆಗೆ ಸರಿ. ಇಲ್ಲಿ ಪ್ರತಿ ದೋಷವೂ ಒಂದು ಚಾವಣಿ ಎಂದು ತಿಳಿಯಿರಿ: ಅದರ ಮೇಲಕ್ಕೆ ಪ್ರತಿ ಏಳಲಾರದು. ಎಲ್ಲಕ್ಕಿಂತ ಕೆಳಗಿನ ಚಾವಣಿ ಯಾವುದೋ ಅಲ್ಲಿಂದ ಎಣಿಕೆ ಆರಂಭಿಸಿ, ಉಳಿದ ದೋಷಗಳಿಗೆ ಇನ್ನಷ್ಟು ಇಳಿಸಿ.

ನಾನು ಬಳಸುವ ಚಾವಣಿಗಳು ಹೀಗಿವೆ. ಪಿನ್ನು ಮಂಕು, ಹರಕಿಲ್ಲ: 9.2. ಕೂದಲೆಳೆಯಷ್ಟು ಸೀಳು, ಒಂದೆರಡು ಎಳೆತದ ಗೆರೆ: 8.0. ಸಣ್ಣ ಸೀಳುಗಳು, ಜಂಗಿನ ತೆಳು ಉಂಗುರ: 6.0. ಒಂದು ಪಿನ್ನಿನಲ್ಲಿ ಒಂದು ಬದಿ ಕಿತ್ತಿದೆ: 5.0ರ ಸುತ್ತ. ರಕ್ಷಾಪುಟ ಸಡಿಲ, ಆದರೆ ಪೂರ್ತಿ ಬಿಟ್ಟಿಲ್ಲ, ಅಥವಾ ನಡುಪುಟ ಒಂದು ಪಿನ್ನಿನಿಂದ ಬಿಟ್ಟಿದೆ: 4.0. ರಕ್ಷಾಪುಟ ಪೂರ್ತಿ ಬಿಡಿ, ಪಿನ್ನು ಇಲ್ಲ ಅಥವಾ ಬದಲಾಗಿದೆ: 2.0. ಪಿನ್ನಿನ ಸುತ್ತಲಿನ ಕಾಗದವೇ ಉದುರಿದೆ: 1.0, 1.5. ಪಿನ್ನಿನಿಂದ ಮುಖಪುಟ ಕಿತ್ತಿದ್ದರೆ ಎಷ್ಟು ಎಂಬ ಎರಡನೆಯ ಪ್ರಶ್ನೆಗೆ ಈ ಪಟ್ಟಿಯೇ ಉತ್ತರ. ಬೇರೆ ಸಂಗ್ರಹಕಾರರು ಅರ್ಧ ಅಂಕ ಆಚೀಚೆ ಹೇಳಬಹುದು, ಜಗಳ ಬೇಡ.

ಒಂದು ಪ್ರತಿಯ ಮೇಲೆ ಇದನ್ನು ಮಾಡಿ ತೋರಿಸುತ್ತೇನೆ. ಈಗ ನನ್ನ ಮೇಜಿನ ಮೇಲಿರುವುದು ನವನಗರದಿಂದ ಬಂದ ಕನ್ನಡದ ಒಂದು ಇಂದ್ರಜಾಲ. ಮುಖಪುಟದ ಬಣ್ಣ ಗಟ್ಟಿ, ಮೂಲೆಗಳು ಸ್ವಲ್ಪ ದುಂಡು, ಮೇಲ್ನೋಟಕ್ಕೆ 6.5 ಎಂದು ಬಾಯಿ ತೆರೆದೆ. ಮೇಲಿನ ಪಿನ್ನಿನ ಸುತ್ತ ಎರಡು ಮಿಲಿಮೀಟರ್ ಅಗಲದ ಕಂದು ಉಂಗುರ. ನಡುಪುಟದಲ್ಲಿ ಅದೇ ಪಿನ್ನಿನ ಎರಡು ಕಾಲುಗಳ ಅಚ್ಚು ಎದುರು ಪುಟದ ಮೇಲೆ ಮೀಸೆಯಂತೆ ಮೂಡಿದೆ. ಅಲ್ಲಿಗೆ 6.0. ಕೆಳಗಿನ ಪಿನ್ನು ಶುಭ್ರ. ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ, ಆದರೆ ದೀಪ ಓರೆ ಹಿಡಿದಾಗ ಹಿಂಬದಿಯಲ್ಲಿ ಪಿನ್ನಿನ ಕೆಳಗೆ ನೆರಳು: ಕಾಗದ ಒಂದು ಬದಿಯಲ್ಲಿ ಕಿತ್ತಿದೆ, ಸೀಳಿನ ಉದ್ದ ನಾಲ್ಕು ಮಿಲಿಮೀಟರ್. 5.0. ಬೆನ್ನಿನ ಮೇಲೆ ಬಿಳಿಯಾದ ಏಳು ಎಳೆತದ ಗೆರೆಗಳು, ದುಂಡಾದ ಮೂಲೆಗಳು. 4.5 ಎಂದು ಪೆನ್ಸಿಲಿನಲ್ಲಿ ಬರೆದೆ. ಜಂಗು ಹಿಡಿದ ಪಿನ್ನಿಗಿಂತ ಶುಭ್ರವಾದ ಪಿನ್ನೇ ಇಲ್ಲಿ ಹೆಚ್ಚು ಅಂಕ ತಿಂದಿತು.

ಎಚ್ಚರಿಕೆ: ಒಂದೇ ದೋಷಕ್ಕೆ ಎರಡು ಸಲ ಶಿಕ್ಷೆ ಕೊಡಬೇಡಿ. ಪಿನ್ನು ಕಿತ್ತ ಕಾರಣಕ್ಕೆ ರಕ್ಷಾಪುಟ ಸ್ವಲ್ಪ ಜರುಗಿದ್ದರೆ ಅದು ಬೇರೆ ದೋಷವಲ್ಲ.

7. ಮಾರುವಾಗ, ಕೊಳ್ಳುವಾಗ

ಅಂಕವನ್ನು ಒಂಟಿಯಾಗಿ ಬರೆಯಬೇಡಿ. ‘4.5, ಎರಡೂ ಪಿನ್ನು ಮೂಲದವು, ಮೇಲಿನ ಪಿನ್ನಿನ ಜಂಗು ಕಾಗದಕ್ಕೆ ಇಳಿದಿದೆ, ಕೆಳಗಿನ ಪಿನ್ನಿನಲ್ಲಿ ಹಿಂಬದಿ ಕಿತ್ತಿದೆ, ನಡುಪುಟ ಗಟ್ಟಿ, ಪುಟಗಳೆಲ್ಲ ಇವೆ’ ಎಂದು ಬರೆದರೆ ಕೊಳ್ಳುವವರು ಆಮೇಲೆ ಫೋನ್ ಮಾಡಿ ಕೂಗಾಡುವುದಿಲ್ಲ. ಕೊಳ್ಳುವವರು ನೀವಾದರೆ ನಾಲ್ಕು ಫೋಟೊ ಕೇಳಿ: ಬೆನ್ನಿನ ಮೇಲೆ ಎರಡು ಪಿನ್ನುಗಳ ಹತ್ತಿರದ ನೋಟ, ಅರ್ಧ ತೆರೆದ ನಡುಪುಟ, ಮುಖಪುಟದ ಒಳಮೈ. ನಾಲ್ಕನೆಯದನ್ನು ಕಳಿಸಲು ತಡಮಾಡಿದರೆ ಟೇಪು ಇದೆ ಎಂದೇ ತಿಳಿಯಿರಿ.

ರದ್ದಿ ಅಂಗಡಿಯಲ್ಲಿ ಕೊಳ್ಳುವಾಗ ಕಟ್ಟಿನ ಮೇಲಿನ, ತಳದ ಪ್ರತಿಗಳನ್ನು ಬಿಟ್ಟು ನಡುವಿನವನ್ನು ನೋಡಿ. ಸುತ್ತಿದ ಸುತಳಿ ಎರಡೂ ಕೊನೆಯವುಗಳನ್ನು ಕೊಯ್ದಿರುತ್ತದೆ, ತಳದ್ದು ನೆಲದ ತೇವ ಹೀರಿರುತ್ತದೆ. ಬೆಳಗಾವಿಯಲ್ಲಿ ಕನ್ನಡದ ಜೊತೆ ಮರಾಠಿ, ಇಂಗ್ಲಿಷ್ ಆವೃತ್ತಿಗಳೂ ಒಂದೇ ಕಟ್ಟಿನಲ್ಲಿ ಸಿಗುತ್ತವೆ. ಕಟ್ಟು ಬಿಚ್ಚುವ ಕೆಲಸ ನನಗೇ ಕೊಡಿ ಎಂದು ಕೇಳಿಕೊಳ್ಳಿ. ಅಂಗಡಿಯವರು ಎಳೆದರೆ ಪಿನ್ನು ಉಳಿಯುವುದಿಲ್ಲ.

8. ಇನ್ನು ಮುಂದೆ ಕೆಡದಂತೆ

ಜಂಗನ್ನು ‘ಸ್ವಚ್ಛ’ ಮಾಡುವ ಉಪಾಯಗಳು ಓಡಾಡುತ್ತಿವೆ: ನಿಂಬೆರಸ, ಕೊಬ್ಬರಿ ಎಣ್ಣೆ, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ, ಬೈಕಿನ ಚೈನಿಗೆ ಹೊಡೆಯುವ ಸ್ಪ್ರೇ. ಯಾವುದೂ ಬೇಡ. ಹುಳಿ ಕಾಗದವನ್ನು ತಿನ್ನುತ್ತದೆ, ಎಣ್ಣೆ ಹತ್ತು ಪುಟ ದಾಟುತ್ತದೆ. ಜಂಗು ಕಾಗದವನ್ನು ಪುಡಿಮಾಡುತ್ತಿರುವ ನಾಲ್ಕನೆಯ ಸ್ಥಿತಿಯಲ್ಲಿದ್ದು, ಪ್ರತಿ ನಿಜಕ್ಕೂ ಅಪರೂಪದ್ದಾಗಿದ್ದರೆ ಕಾಗದ ಸಂರಕ್ಷಣೆ ಕಲಿತವರಿಗೆ ತೋರಿಸಿ. ಗ್ರಂಥಾಲಯಗಳಲ್ಲಿ ಇಂಥ ಪಿನ್ನು ತೆಗೆದು, ಅದೇ ರಂಧ್ರಗಳಲ್ಲಿ ನೂಲು ಹೊಲಿಯುವ ಪದ್ಧತಿಯಿದೆ. ಮಾರುವ ಯೋಚನೆಯಿಲ್ಲದೆ ಮಕ್ಕಳಿಗೆ ಓದಲು ಇಟ್ಟ ಪ್ರತಿಯಾದರೆ ನಿಮಗೂ ಆ ಸ್ವಾತಂತ್ರ್ಯ ಇದೆ; ಹಾಗೆ ಮಾಡಿದ್ದನ್ನು ಒಂದು ಚೀಟಿಯಲ್ಲಿ ಬರೆದು ಒಳಗಿಡಿ.

ಪ್ರತಿಯೊಂದನ್ನೂ ಪಾಲಿಪ್ರೊಪಿಲೀನ್ ಚೀಲದಲ್ಲಿ, ಹಿಂದೆ ಆಮ್ಲರಹಿತ ರಟ್ಟು ಕೊಟ್ಟು, ಪೆಟ್ಟಿಗೆಯಲ್ಲಿ ನಿಲ್ಲಿಸಿಡಿ. ಮಲಗಿಸಿ ಒಂದರ ಮೇಲೊಂದು ಪೇರಿಸಿದರೆ ಪಿನ್ನಿನ ಉಬ್ಬು ಮೇಲಿನ ಪ್ರತಿಯ ಮುಖಪುಟಕ್ಕೆ ಅಚ್ಚೊತ್ತುತ್ತದೆ. ಮೃದುವಾದ ಪಿ.ವಿ.ಸಿ. ಕವರು ಬೇಡ, ಅದು ಕಾಲಕ್ರಮೇಣ ಅಂಟಾಗುತ್ತದೆ. ಕಬ್ಬಿಣದ ಟ್ರಂಕೇ ಗತಿಯೆಂದರೆ ಅದನ್ನು ಹೊರಗಿನ ಗೋಡೆಗೆ ತಾಗಿಸದೆ, ನೆಲದಿಂದ ನಾಲ್ಕು ಬೆರಳು ಎತ್ತರಿಸಿ ಹಲಗೆಯ ಮೇಲಿಡಿ. ಬೆಳಗಾವಿಯವರು ಜೂನ್‌ಗೆ ಮೊದಲೇ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಣ್ಣ ಬದಲಿಸುವ ಬಗೆಯದಾದರೆ ಯಾವಾಗ ಒಣಗಿಸಬೇಕೆಂದು ಅದೇ ಹೇಳುತ್ತದೆ. ವಿಜಯಪುರದವರಿಗೆ ಅದರ ಅಗತ್ಯ ಕಡಿಮೆ; ಪೆಟ್ಟಿಗೆಯನ್ನು ಬಿಸಿಲಿನ ಚಾವಣಿಯ ಕೆಳಗಿನ ಅಟ್ಟದಿಂದ ಇಳಿಸಿ ಮನೆಯ ತಂಪಾದ ನಡುಕೋಣೆಗೆ ತಂದರೆ ಅರ್ಧ ಕೆಲಸ ಮುಗಿಯಿತು.

ದಸರೆಗೆ ಮನೆಯ ಕಬ್ಬಿಣದ ಸಾಮಾನನ್ನೆಲ್ಲ ಒರೆಸಿ ಪೂಜೆಗಿಡುತ್ತೀರಲ್ಲ, ಆ ವಾರವೇ ಪೆಟ್ಟಿಗೆಯನ್ನೂ ತೆರೆಯಿರಿ. ಕಳೆದ ವರ್ಷ ಬರೆದಿಟ್ಟ ಉಂಗುರದ ಅಳತೆಯ ಪಕ್ಕದಲ್ಲಿ ಈ ವರ್ಷದ್ದನ್ನು ಬರೆಯಿರಿ. ಎರಡು ಮಿಲಿಮೀಟರ್ ಎರಡೇ ಆಗಿ ಉಳಿದಿದ್ದರೆ ಚೀಲ ಮುಚ್ಚಿ ಹಾಗೇ ಇಡಿ. ಮೂರಾಗಿದ್ದರೆ ಪೆಟ್ಟಿಗೆಯ ಜಾಗ ಬದಲಿಸಿ.